ತೂಕ ಹೆಚ್ಚಿರುವ ಬಸುರಿ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು?

ಓದುಗರ ಪ್ರಶ್ನೆ, ತಜ್ಞರ ಉತ್ತರ

ತೂಕ ಜಾಸ್ತಿ ಇರುವ ಹೆಣ್ಣುಮಗಳು ಬಸುರಿಯಾದರೆ ಅವಳಿಗೆ ಮನೆಯಲ್ಲಿ ಒಂದು ಮಾತು, ಆಸ್ಪತ್ರೆಯಲ್ಲಿ ಇನ್ನೊಂದು ಮಾತು. ‘ಇಬ್ಬರ ಊಟ ಮಾಡು’ ಎನ್ನುತ್ತಾರೆ ಮನೆಯವರು. ‘ತೂಕ ಏರಿಸಬೇಡಿ’ ಎಂದಷ್ಟೇ ಹೇಳಿ ಮುಂದಿನವರನ್ನು ಕರೆಯುತ್ತಾರೆ ಆಸ್ಪತ್ರೆಯಲ್ಲಿ. ಏನನ್ನು ಕಡಿಮೆ ಮಾಡಬೇಕು, ಆ ಜಾಗಕ್ಕೆ ಏನು ಬರಬೇಕು ಎಂದು ಕೂತು ಹೇಳುವವರು ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರರಲ್ಲಿ ಸುಮಾರು 30 ಮಹಿಳೆಯರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಆದ್ದರಿಂದ ಇದು ಯಾರೋ ಒಬ್ಬಿಬ್ಬರ ಮನೆಯ ವಿಷಯವಲ್ಲ. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ, ಹೆರಿಗೆ ತಜ್ಞರು ಮತ್ತು ಆಹಾರ ತಜ್ಞರು ಸೇರಿ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ 27 ವರ್ಷ. ಎತ್ತರ 155 ಸೆಂ.ಮೀ., ತೂಕ 74 ಕೆ.ಜಿ. ಈಗ 9 ವಾರ. ಮೊದಲೇ ದಪ್ಪ ಇದ್ದೇನಲ್ಲ, ರಾತ್ರಿ ಊಟ ಬಿಟ್ಟು ತೂಕ ಇಳಿಸಿಕೊಳ್ಳಲೇ? ಇಲ್ಲ, ಎಲ್ಲರ ಹಾಗೆ 10–12 ಕೆ.ಜಿ. ಏರಬೇಕೇ?
– ಓದುಗರು, ಹಾಸನ

ಉತ್ತರ: ಎರಡೂ ಬೇಡ. ಮೊದಲು ಲೆಕ್ಕ ನೋಡೋಣ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಬರುತ್ತದೆ. 74ನ್ನು 1.55ರಿಂದ, ಬಂದದ್ದನ್ನು ಮತ್ತೆ 1.55ರಿಂದ ಭಾಗಿಸಿದರೆ 30.8. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ 30 ದಾಟಿದರೆ ಬೊಜ್ಜು. ನಮ್ಮ ದೇಶದ ತಜ್ಞರು ಭಾರತೀಯರಿಗೆ 25ಕ್ಕೇ ಗೆರೆ ಎಳೆದಿದ್ದಾರೆ. ಅಷ್ಟೇ ತೂಕದ ಯುರೋಪಿನವರಿಗಿಂತ ನಮ್ಮವರ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿರುತ್ತದೆ, ಶುಗರ್ ಕೂಡ ಬೇಗ ಕಾಣಿಸಿಕೊಳ್ಳುತ್ತದೆ. ಈ ಲೆಕ್ಕಕ್ಕೆ ಹಿಡಿಯಬೇಕಾದದ್ದು ಬಸುರಾಗುವ ಮುಂಚಿನ ತೂಕವನ್ನು. ಅದು ಗೊತ್ತಿಲ್ಲದಿದ್ದರೆ ಮೊದಲ 12 ವಾರದೊಳಗೆ ತಾಯಿ ಕಾರ್ಡಿನಲ್ಲಿ ಬರೆದ ತೂಕ ಸಾಕು. ಏಳನೇ ತಿಂಗಳಲ್ಲಿ ತೂಗಿ ಬಿಎಂಐ ಲೆಕ್ಕ ಹಾಕಿದರೆ ಅರ್ಥವಿಲ್ಲ.

ಬಿಎಂಐ 30 ದಾಟಿದವರು ಒಂಬತ್ತು ತಿಂಗಳಲ್ಲಿ ಒಟ್ಟು 5ರಿಂದ 9 ಕೆ.ಜಿ. ಏರಿದರೆ ಸಾಕು ಎಂಬುದು 2009ರಿಂದ ವೈದ್ಯರು ಬಳಸುತ್ತಿರುವ ಅಳತೆ. 25ರಿಂದ 30ರ ಒಳಗಿದ್ದವರಿಗೆ 7ರಿಂದ 11.5 ಕೆ.ಜಿ. ಈ 5–9 ಎಲ್ಲಿಂದ ಬಂತು? ಮಗು ಸುಮಾರು 3 ಕೆ.ಜಿ., ಮಾಸು (ಪ್ಲಾಸೆಂಟಾ) ಮತ್ತು ಮಗುವಿನ ಸುತ್ತಲಿನ ನೆತ್ತಿನೀರು ಸೇರಿ ಒಂದೂವರೆ, ಬೆಳೆದ ಗರ್ಭಕೋಶ ಒಂದು, ಹೆಚ್ಚಾದ ರಕ್ತ ಒಂದೂಕಾಲು, ಎದೆ ಮತ್ತು ಮೈಯಲ್ಲಿ ತುಂಬುವ ನೀರು ಇನ್ನೊಂದೂವರೆ. ಕೂಡಿದರೆ ಎಂಟರ ಆಸುಪಾಸು. ತೆಳ್ಳಗಿನವರು ಇದರ ಮೇಲೆ, ಮುಂದೆ ಹಾಲೂಡಿಸಲೆಂದು 3–4 ಕೆ.ಜಿ. ಕೊಬ್ಬು ಕೂಡಿಸಿಕೊಳ್ಳಬೇಕು. ನಿಮ್ಮ ಮೈಯಲ್ಲಿ ಆ ಕೊಬ್ಬು ಈಗಾಗಲೇ ಇದೆ. ವ್ಯತ್ಯಾಸ ಅಷ್ಟೇ.

ಮೊದಲ ಮೂರು ತಿಂಗಳಲ್ಲಿ ಅರ್ಧ ಕೆ.ಜಿ.ಯಿಂದ 2 ಕೆ.ಜಿ. ಏರಬಹುದು. ವಾಂತಿ ಇದ್ದವರಿಗೆ ಏರದೆಯೂ ಇರಬಹುದು. ಅಲ್ಲಿಂದಾಚೆಗೆ ವಾರಕ್ಕೆ 200–250 ಗ್ರಾಂ, ಅಂದರೆ ತಿಂಗಳಿಗೆ ಒಂದು ಕೆ.ಜಿ. ಒಂದೇ ತಕ್ಕಡಿಯಲ್ಲಿ, ವಾರಕ್ಕೊಮ್ಮೆ, ಬೆಳಿಗ್ಗೆ ಮೂತ್ರ ಮಾಡಿ ಬಂದು ತಿಂಡಿಗೆ ಮುಂಚೆ ತೂಗಿ ಬರೆದಿಡಿ. ದಿನಾ ತೂಗಿದರೆ ಮೈಯ ನೀರಿನ ಏರಿಳಿತ ಕಂಡು ಸುಮ್ಮನೆ ಗಾಬರಿಯಾಗುತ್ತದೆ.

ಊಟ ಬಿಟ್ಟರೆ ಏನು ತಪ್ಪು ಎಂದರೆ, ಬಸುರಿಯ ಮೈ ಹಸಿವಿಗೆ ಬೇಗ ಕೊಬ್ಬು ಕರಗಿಸತೊಡಗಿ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ಆಮ್ಲ) ಏರುತ್ತದೆ. ಅದು ಮಾಸನ್ನು ದಾಟಿ ಮಗುವಿಗೂ ಹೋಗುತ್ತದೆ. ಮೇಲಾಗಿ ರಾತ್ರಿ ಉಪವಾಸ ಇದ್ದವರು ಬೆಳಿಗ್ಗೆ ಸಿಕ್ಕಿದ್ದನ್ನು ತಿನ್ನುತ್ತಾರೆ. ತೂಕ ಇಳಿಸುವ ಕೆಲಸ ಹೆರಿಗೆಯಾದ ಮೇಲಿನದು. ಸಾಮಾನ್ಯವಾಗಿ ದಿನದ ಊಟವನ್ನು 1,600–1,800 ಕ್ಯಾಲೊರಿಗಿಂತ ಕೆಳಗೆ ಇಳಿಸುವುದಿಲ್ಲ.

ಇನ್ನೊಂದು ಮಾತು, ನೀವಿನ್ನೂ 9 ವಾರದಲ್ಲಿ ಇರುವುದರಿಂದ. ಮಗುವಿನ ಮಿದುಳು–ಬೆನ್ನುಹುರಿಯ ಕೊಳವೆ ಗರ್ಭಕಟ್ಟಿದ ನಾಲ್ಕು ವಾರಕ್ಕೇ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚದಿರುವ ಅಪಾಯ ತೂಕ ಹೆಚ್ಚಿದ್ದವರಲ್ಲಿ ಸ್ವಲ್ಪ ಜಾಸ್ತಿ. ಹಾಗಾಗಿ 30 ದಾಟಿದವರಿಗೆ ಅನೇಕ ವೈದ್ಯರು ಗರ್ಭಕ್ಕೆ ಮುಂಚಿನಿಂದ 12 ವಾರದವರೆಗೆ 5 ಮಿ.ಗ್ರಾಂ. ಫೋಲಿಕ್ ಆಸಿಡ್ ಬರೆಯುತ್ತಾರೆ. ನಿಮಗೆ ಕೊಟ್ಟಿರುವ ಮಾತ್ರೆಯಲ್ಲಿ ಎಷ್ಟಿದೆ ಎಂದು ಈ ವಾರವೇ ಕೇಳಿ. 18–20 ವಾರದ ಸ್ಕ್ಯಾನನ್ನು ತಪ್ಪಿಸಬೇಡಿ. ಹೊಟ್ಟೆಯ ಕೊಬ್ಬಿನ ಪದರ ದಪ್ಪ ಇದ್ದಾಗ ಚಿತ್ರ ಮಸುಕಾಗುತ್ತದೆ, ಮತ್ತೊಮ್ಮೆ ಬರಲು ಹೇಳಿದರೆ ಅದಕ್ಕೇ ಇರಬಹುದು, ಹೆದರಬೇಡಿ.

ಪ್ರಶ್ನೆ: ಐದನೇ ತಿಂಗಳು. ಹೊರಗಿನ ತಿಂಡಿ ಮುಟ್ಟುವುದೇ ಇಲ್ಲ, ಎಲ್ಲ ಮನೆಯದೇ. ಬೆಳಿಗ್ಗೆ ಆರೂವರೆಗೆ 2 ಚಮಚ ಸಕ್ಕರೆ ಹಾಕಿದ ಬಾದಾಮಿ ಹಾಲು. 9ಕ್ಕೆ ಚಿತ್ರಾನ್ನ ಇಲ್ಲವೇ 4 ಇಡ್ಲಿ. 11ಕ್ಕೆ ಮೂಸಂಬಿ ಜ್ಯೂಸ್. ಮಧ್ಯಾಹ್ನ ಮುದ್ದೆ, ಆಮೇಲೆ ಅನ್ನ ಸಾರು, ಮಜ್ಜಿಗೆ. ನಾಲ್ಕೂವರೆಗೆ ಕಾಫಿ, 5 ಬಿಸ್ಕತ್ತು. ರಾತ್ರಿ 9ಕ್ಕೆ ಅನ್ನ ಸಾಂಬಾರ್, ಮಲಗುವಾಗ ಬೆಲ್ಲ ಹಾಕಿದ ರಾಗಿ ಮಾಲ್ಟ್. ಆದರೂ ತಿಂಗಳಿಗೆ 3 ಕೆ.ಜಿ. ಏರುತ್ತಿದೆ. ತಪ್ಪು ಎಲ್ಲಿ?
– ಓದುಗರು, ತುಮಕೂರು

ಉತ್ತರ: ಇಷ್ಟು ವಿವರವಾಗಿ ಬರೆದದ್ದು ತುಂಬ ಉಪಕಾರವಾಯಿತು, ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಅದು ನಿಮ್ಮ ಲೋಟದಲ್ಲಿದೆ, ತಟ್ಟೆಯಲ್ಲಿ ಅಷ್ಟಾಗಿ ಇಲ್ಲ.

ಹಾಲಿನ ಸಕ್ಕರೆ 10 ಗ್ರಾಂ. ಜ್ಯೂಸಿನಲ್ಲಿ 25ರಷ್ಟು. ಕಾಫಿಗೆ ಇನ್ನೊಂದು 10. ಮಾಲ್ಟಿನ ಬೆಲ್ಲ 15. ಒಟ್ಟು 60 ಗ್ರಾಂ, ಅಂದರೆ 240 ಕ್ಯಾಲೊರಿ. ಬಸುರಿಗೆ ದಿನಕ್ಕೆ ಹೆಚ್ಚಿಗೆ ಬೇಕಾದದ್ದು 350 ಕ್ಯಾಲೊರಿ ಎಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಅದರಲ್ಲಿ ಮೂರನೇ ಎರಡು ಪಾಲು ಬರೀ ಸಿಹಿಗೇ ಹೋಯಿತು, ಮಗುವಿನ ಮೂಳೆಗೂ ರಕ್ತಕ್ಕೂ ಅದರಿಂದ ಏನೂ ಸಿಗಲಿಲ್ಲ. ಬೆಲ್ಲ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಕ್ಯಾಲೊರಿಯ ಲೆಕ್ಕದಲ್ಲೂ ರಕ್ತದ ಶುಗರ್ ಏರಿಸುವುದರಲ್ಲೂ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಆದ್ದರಿಂದ ಮೊದಲ ಎರಡು ವಾರ ತಟ್ಟೆಗೆ ಕೈ ಹಾಕಬೇಡಿ, ಈ ನಾಲ್ಕು ಲೋಟಗಳನ್ನು ಮಾತ್ರ ಬದಲಿಸಿ. ಹಾಲು ಸಕ್ಕರೆ ಇಲ್ಲದೆ. ಜ್ಯೂಸಿನ ಬದಲು ಒಂದು ಇಡೀ ಮೂಸಂಬಿ ಅಥವಾ ಸೀಬೆಹಣ್ಣು, ಅಗಿದು ತಿನ್ನಿ. ಒಂದು ಲೋಟಕ್ಕೆ ಮೂರು ಹಣ್ಣು ಹಿಂಡುತ್ತೀರಿ, ನಾರೆಲ್ಲ ಜರಡಿಯಲ್ಲೇ ಉಳಿಯುತ್ತದೆ. ಕಾಫಿಗೆ ಅರ್ಧ ಚಮಚ ಸಕ್ಕರೆ ಸಾಕು, ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿಗಡಲೆ ಅಥವಾ ಬೇಯಿಸಿದ ಕಡಲೆಕಾಯಿ. ರಾಗಿ ಮಾಲ್ಟನ್ನು ರಾತ್ರಿಯಿಂದ ತೆಗೆದು ಬೆಳಿಗ್ಗೆ 11ಕ್ಕೆ ತನ್ನಿ, ಬೆಲ್ಲ ಬಿಟ್ಟು ಮಜ್ಜಿಗೆ, ಉಪ್ಪು, ಕರಿಬೇವು ಹಾಕಿ. ನುಣ್ಣಗಿನ ಹಿಟ್ಟಿನ ತೆಳು ಗಂಜಿ ಬೇಗ ಸಕ್ಕರೆಯಾಗುತ್ತದೆ, ಅದಕ್ಕೇ ಹಿಟ್ಟು 2 ಚಮಚ ದಾಟದಿರಲಿ.

ಇನ್ನು ತಟ್ಟೆಗೆ ಬರೋಣ. ಮುದ್ದೆಯೂ ಅನ್ನವೂ ಒಂದೇ ಊಟದಲ್ಲಿ ಬೇಡ. ನಿಮ್ಮ ಮನೆಯ ಒಂದು ಮುದ್ದೆಗೆ ಎಷ್ಟು ಹಿಟ್ಟು ಹಿಡಿಯುತ್ತದೆ ಎಂದು ಒಮ್ಮೆ ತೂಗಿ ನೋಡಿ. 80 ಗ್ರಾಂ ಹಿಟ್ಟಿದ್ದರೆ ಅದೇ 255 ಕ್ಯಾಲೊರಿ, ಅದರ ಮೇಲೆ ಒಂದು ಬಟ್ಟಲು ಅನ್ನ ಬಿದ್ದರೆ ಇನ್ನೂ 175. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ರಾಗಿಯ ಹಿರಿಮೆ ಅದರ ಸುಣ್ಣದಲ್ಲಿದೆ, 100 ಗ್ರಾಮಿನಲ್ಲಿ 360 ಮಿ.ಗ್ರಾಂ. ಮೇಲ್ಪಟ್ಟು ಕ್ಯಾಲ್ಸಿಯಂ. ನಾರೂ ಅಕ್ಕಿಗಿಂತ ಬಹಳ ಹೆಚ್ಚು. ಅದಕ್ಕಾಗಿ ತಿನ್ನಿ, ಅಳತೆಯಲ್ಲಿ ತಿನ್ನಿ. ಮಧ್ಯಾಹ್ನ ಕಿತ್ತಳೆ ಗಾತ್ರದ ಮುದ್ದೆ, ರಾತ್ರಿ ಒಂದು ಬಟ್ಟಲು ಅನ್ನ ಅಥವಾ 2 ಚಪಾತಿ. ಮುದ್ದೆ ಕಿರಿದಾದ ಜಾಗಕ್ಕೆ ಸೊಪ್ಪಿನ ಪಲ್ಯ, ಹೀರೇಕಾಯಿ, ಹುರುಳಿಕಾಯಿ, ಏನಾದರೂ ಒಂದು ದೊಡ್ಡ ಬಟ್ಟಲು ಬರಲಿ.

ನಿಮ್ಮ ದಿನಚರಿಯಲ್ಲಿ ನಮಗೆ ಹೆಚ್ಚು ಕಳವಳ ತಂದದ್ದು ಪ್ರೋಟೀನ್. ನಾಲ್ಕನೇ ತಿಂಗಳಿನಿಂದ ದಿನಕ್ಕೆ ಸುಮಾರು 55 ಗ್ರಾಂ, ಕೊನೆಯ ಮೂರು ತಿಂಗಳು 68 ಗ್ರಾಂ ಬೇಕು. ‘ಸಾರು ತಿನ್ನುತ್ತೇನೆ’ ಎನ್ನುತ್ತೀರಿ, ಆದರೆ ಸಾರು ಎಂದರೆ ಬೇಳೆಯ ಕಟ್ಟು. ಮೇಲಿನ ತಿಳಿಯನ್ನು ಅನ್ನಕ್ಕೆ ಸುರಿದುಕೊಂಡರೆ ಹುಣಿಸೆ, ಮೆಣಸು, ಉಪ್ಪು ಬಂತು, ಬೇಳೆ ಪಾತ್ರೆಯ ತಳದಲ್ಲೇ ಉಳಿಯಿತು. ಸೌಟನ್ನು ತಳಕ್ಕೆ ಇಳಿಸಿ. ಒಬ್ಬರಿಗೆ ಒಂದು ಹೊತ್ತಿಗೆ 30 ಗ್ರಾಂ ಬೇಳೆ, ಅಂದರೆ ಒಂದು ಹಿಡಿ, ಬೇಯಬೇಕು. ಅದರಿಂದ 6–7 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ. ಎರಡು ಹೊತ್ತು ಗಟ್ಟಿ ಬೇಳೆ ಅಥವಾ ಕಾಳಿನ ಹುಳಿ, ಹೆಸರುಬೇಳೆ ಕೋಸಂಬರಿ, ಎರಡು ಲೋಟ ಹಾಲು–ಮೊಸರು, ಒಂದು ಮೊಟ್ಟೆ, ಸಂಜೆಯ ಹುರಿಗಡಲೆ, ಇವಕ್ಕೆ ಮುದ್ದೆ–ಅನ್ನದಿಂದ ಬರುವುದನ್ನೂ ಸೇರಿಸಿದರೆ ಲೆಕ್ಕ ತುಂಬುತ್ತದೆ. ಮೊಟ್ಟೆ ತಿನ್ನದವರು ಮೊಳಕೆಕಾಳು ಹೆಚ್ಚಿಸಿಕೊಳ್ಳಿ. ಬೆಳಗಿನ ಚಿತ್ರಾನ್ನದ ಬದಲು ಹೆಸರುಕಾಳಿನ ದೋಸೆ, ನುಗ್ಗೆಸೊಪ್ಪಿನ ರಾಗಿರೊಟ್ಟಿ, ಅವರೆಕಾಳಿನ ಕಾಲದಲ್ಲಿ ಕಾಳು ತುಂಬಿದ ಅಕ್ಕಿರೊಟ್ಟಿ ಆಗಲಿ. ಚಿತ್ರಾನ್ನ ಬೇಕೇ ಬೇಕೆಂದಾಗ ಅನ್ನ ಅರ್ಧ, ಉಳಿದರ್ಧ ಕ್ಯಾರೆಟ್, ಬಟಾಣಿ, ಕಡಲೆಬೀಜ.

ಎಣ್ಣೆಯ ಲೆಕ್ಕವನ್ನು ಚಮಚದಲ್ಲಿ ಹಿಡಿಯುವುದು ಕಷ್ಟ, ತಿಂಗಳಲ್ಲಿ ಹಿಡಿಯಿರಿ. ನಾಲ್ಕು ಜನರ ಮನೆಗೆ ಎರಡೂವರೆ ಲೀಟರ್ ಸಾಕು. ಡಬ್ಬ ತಿಂಗಳಿಗೆ ಮುಂಚೆಯೇ ಖಾಲಿಯಾದರೆ ಎಲ್ಲೋ ಹೆಚ್ಚಾಗುತ್ತಿದೆ ಎಂದರ್ಥ.

ಉಣ್ಣುವಾಗ ಕೋಸಂಬರಿ–ಪಲ್ಯ ಮೊದಲು, ಬೇಳೆ ಆಮೇಲೆ, ಮುದ್ದೆ–ಅನ್ನ ಕೊನೆಗೆ. ಈ ಕ್ರಮದಲ್ಲಿ ಉಂಡರೆ ಶುಗರ್ ನಿಧಾನವಾಗಿ ಏರುತ್ತದೆ. ರಾತ್ರಿ ಊಟ 8ಕ್ಕೆ ತನ್ನಿ. ಪ್ರತಿ ಊಟದ ನಂತರ 10–15 ನಿಮಿಷ ಅಂಗಳದಲ್ಲೋ ಟೆರೇಸಿನಲ್ಲೋ ನಡೆಯಿರಿ. ವಾರಕ್ಕೆ 150 ನಿಮಿಷದ ನಡಿಗೆ ಎಂದು ನಾವು ಹೇಳುವುದು ಹೀಗೇ ಸುಲಭವಾಗಿ ತುಂಬುತ್ತದೆ. ರಕ್ತಸ್ರಾವ ಇದ್ದವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿನಲ್ಲಿ ಹೇಳಿಸಿಕೊಂಡವರು ಮಾತ್ರ ವೈದ್ಯರನ್ನು ಕೇಳಿಯೇ ನಡೆಯಬೇಕು.

ಅಂಗನವಾಡಿಯ ಮಾತೃಪೂರ್ಣ ಊಟ ಪಡೆಯುತ್ತಿರುವವರಿಗೂ ಇದೇ ಮಾತು. ಅಲ್ಲಿಯ ಮೊಟ್ಟೆ, ಹಾಲು, ಬೇಳೆ, ತರಕಾರಿ ಪೂರ್ತಿ ತಿನ್ನಿ, ಅನ್ನವನ್ನು ಮಾತ್ರ ಕಡಿಮೆ ಹಾಕಿಸಿಕೊಳ್ಳಿ. ‘ನಾನು ದಪ್ಪ ಇದ್ದೇನೆ, ನನಗ್ಯಾಕೆ’ ಎಂದು ಬಿಡಬೇಡಿ. ಯಾಕೆ ಎಂಬುದು ಮುಂದಿನ ಪತ್ರದಲ್ಲಿದೆ.

ಪ್ರಶ್ನೆ: ನಮ್ಮ ಸೊಸಿ ಮೈಯಾಗ ದಪ್ಪ ಅದಾಳ, ಉಣ್ಣೂದಕ್ಕ ಏನೂ ಕಡಿಮಿ ಇಲ್ಲ. ಆದ್ರೂ ಆಸ್ಪತ್ರ್ಯಾಗ ‘ರಕ್ತ ಕಡಿಮಿ ಅದ, 9.2 ಐತಿ’ ಅಂತಾರ. ಕದ್ದು ಬಳಪ ತಿಂತಾಳ. ಬಯಕಿ ಅಂತ ಸುಮ್ನ ಇದ್ದೇವಿ. ದಪ್ಪ ಇದ್ದಾಕಿಗೆ ರಕ್ತ ಹ್ಯಾಂಗ ಕಡಿಮಿ ಆಗ್ತದ?
– ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಅಮ್ಮಾ, ಬಹಳ ಒಳ್ಳೆಯ ಪ್ರಶ್ನೆ ಕೇಳಿದಿರಿ. ದಪ್ಪ ಇರುವುದು ಬೇರೆ, ಪುಷ್ಟಿ ಇರುವುದು ಬೇರೆ. ಅನ್ನ, ಸಕ್ಕರೆ, ಎಣ್ಣೆಯಿಂದ ಮೈ ಬರುತ್ತದೆ, ರಕ್ತ ಬರುವುದಿಲ್ಲ. ಇನ್ನೂ ಒಂದು ಕಾರಣ ಇದೆ. ಕೊಬ್ಬು ಹೆಚ್ಚಾದ ಮೈಯಲ್ಲಿ ಒಳಗೊಳಗೇ ಸಣ್ಣ ಉರಿಯೂತ ಇರುತ್ತದೆ. ಅದರಿಂದ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಕರುಳಿನಿಂದ ರಕ್ತಕ್ಕೆ ಕಬ್ಬಿಣ ದಾಟುವ ಬಾಗಿಲನ್ನು ಅರ್ಧ ಮುಚ್ಚಿಬಿಡುತ್ತದೆ. ತಿಂದ ಕಬ್ಬಿಣವೂ ಪೂರ್ತಿ ಮೈಗೆ ಹತ್ತುವುದಿಲ್ಲ.

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಬಸುರಿಗೆ ರಕ್ತಹೀನತೆ. ಬಳಪ, ಮಣ್ಣು, ಬೂದಿ, ಹಸಿ ಅಕ್ಕಿ ತಿನ್ನುವ ಆಸೆ ಬಹಳ ಸಲ ಈ ಕಬ್ಬಿಣದ ಕೊರತೆಯ ಗುರುತು. ಅವಳನ್ನು ಬೈಯಬೇಡಿ. ರಕ್ತ ಏರಿದಂತೆ ಆ ಆಸೆಯೂ ಸಾಮಾನ್ಯವಾಗಿ ಇಳಿಯುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ರಕ್ತ ಕಡಿಮೆ ಇದ್ದವರಿಗೆ ವೈದ್ಯರು ದಿನಕ್ಕೆ ಎರಡು ಹೇಳುತ್ತಾರೆ. ನುಂಗುವ ರೀತಿಯಲ್ಲೇ ಅರ್ಧ ಗುಟ್ಟಿದೆ. ಚಹಾದ ಜೊತೆ ನುಂಗಿದರೆ ಕಬ್ಬಿಣ ಚಹಾಕ್ಕೆ ಅಂಟಿಕೊಂಡು ಹೊರಗೆ ಹೋಗುತ್ತದೆ, ಹಿಂದೆ ಮುಂದೆ ಒಂದೊಂದು ತಾಸು ಚಹಾ ಬೇಡ. ಹಾಲಿನ ಜೊತೆಯೂ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಯೂ ಬೇಡ, ನಡುವೆ ಎರಡು ತಾಸು ಇರಲಿ. ಬೆಳಿಗ್ಗೆ ತಿಂಡಿಯ ನಂತರ ಒಂದು ಕ್ಯಾಲ್ಸಿಯಂ, ಮಧ್ಯಾಹ್ನ ಊಟದ ನಂತರ ಇನ್ನೊಂದು, ರಾತ್ರಿ ಮಲಗುವಾಗ ನಿಂಬೆಹಣ್ಣಿನ ನೀರಿನ ಜೊತೆ ಕೆಂಪು ಮಾತ್ರೆ, ಹೀಗೆ ಹಂಚಿಕೊಂಡರೆ ಸುಲಭ. ಮಲ ಕಪ್ಪಾದರೆ ಅಂಜಬೇಡಿ, ಅದು ಮಾತ್ರೆಯ ಬಣ್ಣ. ಹುಳದ ಮಾತ್ರೆಯನ್ನೂ ನಾಲ್ಕನೇ ತಿಂಗಳಿನ ನಂತರ ಒಂದು ಸಲ ಕೊಡುತ್ತಾರೆ, ಕೊಟ್ಟಿಲ್ಲವಾದರೆ ಕೇಳಿ.

ಊಟಕ್ಕೆ ನಿಮ್ಮ ಕಡೆಯದೇ ಸಾಕು. ಜೋಳದ ರೊಟ್ಟಿ ಎರಡು, ಮಡಕಿಕಾಳಿನ ಪಲ್ಯ, ಪುಂಡಿಪಲ್ಯ ಅಥವಾ ಮೆಂತ್ಯಸೊಪ್ಪು, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಮೇಲೆ ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ನಿಂಬೆಹುಳಿ. ಇದಕ್ಕಿಂತ ಒಳ್ಳೆಯ ತಟ್ಟೆಯನ್ನು ನಾವು ಬರೆದುಕೊಡಲಾರೆವು. ಚಟ್ನಿಪುಡಿಯ ಮೇಲೆ ಸುರಿಯುವ ಎಣ್ಣೆ ಒಂದು ಚಮಚಕ್ಕೆ ನಿಲ್ಲಲಿ.

ಮಾಂಸ–ಮೊಟ್ಟೆ ತಿನ್ನದ ಮನೆಯಾದರೆ ವಿಟಮಿನ್ ಬಿ12 ಪರೀಕ್ಷೆಯನ್ನೂ ಮಾಡಿಸಿ. ಸೊಪ್ಪು–ಕಾಳುಗಳಲ್ಲಿ ಅದು ಇಲ್ಲ, ಹಾಲು–ಮೊಸರಿನಲ್ಲಿ ಸ್ವಲ್ಪ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997ರಲ್ಲಿ ಶುರುವಾದ ಅಧ್ಯಯನದಲ್ಲಿ ಬಿ12 ಕಡಿಮೆ ಇದ್ದ ಬಸುರಿಯರ ತೂಕವೇ ಹೆಚ್ಚಿತ್ತು, ಬಸುರಿನ ಶುಗರ್ ಕೂಡ ಅವರಲ್ಲೇ ಹೆಚ್ಚು ಕಂಡಿತು. ಮೈ ತುಂಬಿದವರಲ್ಲಿ ಒಳಗಿನ ಕೊರತೆ ಹೇಗೆ ಅಡಗಿರುತ್ತದೆ ಎನ್ನುವುದಕ್ಕೆ ನಮ್ಮ ನಾಡಿನದೇ ಸಾಕ್ಷಿ ಇದು.

ಪ್ರಶ್ನೆ: ನನ್ನ ಹೆಂಡತಿಗೆ 26 ವಾರ, ತೂಕ 82 ಕೆ.ಜಿ. ಗ್ಲೂಕೋಸ್ ಕುಡಿಸಿ ಮಾಡಿದ ಪರೀಕ್ಷೆಯಲ್ಲಿ 158 ಬಂದಿದೆ. ಮೂರನೇ ತಿಂಗಳಲ್ಲಿ ಸರಿಯಿತ್ತು. ‘ಮಗು ದೊಡ್ಡದಾಗಬಹುದು’ ಎಂದರು. ದೊಡ್ಡ ಮಗು ಒಳ್ಳೆಯದೇ ಅಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಗುಂಡುಗುಂಡಾದ ಮಗುವನ್ನು ಕಂಡರೆ ಎಲ್ಲರಿಗೂ ಖುಷಿ. ಆದರೆ ಆ ತೂಕ ಯಾವುದರಿಂದ ಬಂತು ಎಂಬುದು ಮುಖ್ಯ. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ (ರಕ್ತದ ಸಕ್ಕರೆ ಇಳಿಸುವ ಹಾರ್ಮೋನು) ದಾಟುವುದಿಲ್ಲ. ಬಂದ ಸಕ್ಕರೆಯನ್ನು ಸಂಭಾಳಿಸಲು ಮಗುವೇ ಇನ್ಸುಲಿನ್ ಹೆಚ್ಚಿಸಿಕೊಳ್ಳುತ್ತದೆ. ಆ ಇನ್ಸುಲಿನ್ ಸಕ್ಕರೆಯನ್ನು ಕೊಬ್ಬಾಗಿ ಹೊಟ್ಟೆ, ಹೆಗಲಿನಲ್ಲಿ ತುಂಬುತ್ತದೆ. ತಲೆ ಹೊರಬಂದು ಹೆಗಲು ಸಿಕ್ಕಿಕೊಳ್ಳುವ ಅಪಾಯ ಇಂಥ ಮಕ್ಕಳಲ್ಲಿ ಹೆಚ್ಚು. ಹುಟ್ಟಿದ ಕ್ಷಣ ಹೊಕ್ಕುಳಬಳ್ಳಿ ಕತ್ತರಿಸಿದಾಗ ತಾಯಿಯ ಸಕ್ಕರೆ ನಿಂತುಹೋಗುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಇನ್ನೂ ಹೆಚ್ಚೇ ಇರುತ್ತದೆ. ಆಗ ಮಗುವಿನ ಶುಗರ್ ಸರ್ರನೆ ಕುಸಿಯುತ್ತದೆ. ಅದಕ್ಕೇ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಕುಡಿಸಬೇಕು, ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಶುಗರ್ ನೋಡಬೇಕು. ಜೇನು, ಸಕ್ಕರೆನೀರು ನೆಕ್ಕಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ, ಅದು ಬೇಡ ಎಂದು ಈಗಲೇ ಹಿರಿಯರ ಹತ್ತಿರ ಮಾತಾಡಿಟ್ಟುಕೊಳ್ಳಿ.

ಪರಿಣಾಮ ಹೆರಿಗೆಗೆ ಮುಗಿಯುವುದಿಲ್ಲ. ಮೇಲೆ ಹೇಳಿದ ಮೈಸೂರಿನ ಅಧ್ಯಯನದಲ್ಲೇ, ಬಸುರಿನ ಶುಗರ್ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5ನೇ ವರ್ಷಕ್ಕೇ ಚರ್ಮದಡಿಯ ಕೊಬ್ಬು ಮತ್ತು ಇನ್ಸುಲಿನ್ ಎರಡೂ ಹೆಚ್ಚಿದ್ದವು.

ಪರೀಕ್ಷೆಯ ಬಗ್ಗೆ ಒಂದೆರಡು ಮಾತು. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕಲಸಿ 5–10 ನಿಮಿಷದಲ್ಲಿ ಕುಡಿಯಬೇಕು, ಕುಡಿದ 2 ಗಂಟೆಗೆ ರಕ್ತ ಕೊಡಬೇಕು. ಈ ವಿಧಾನಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿಲ್ಲ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಿಸಬೇಕು. ಆ ಎರಡು ಗಂಟೆ ಏನೂ ತಿನ್ನದೆ ಕೂತಿರಬೇಕು. 140 ಅಥವಾ ಮೇಲೆ ಬಂದರೆ ಬಸುರಿನ ಶುಗರ್ ಎಂದೇ ಅರ್ಥ, 158ನ್ನು ‘ಸ್ವಲ್ಪ ಹೆಚ್ಚು’ ಎಂದು ತಳ್ಳಿಹಾಕುವಂತಿಲ್ಲ. ಮೂರನೇ ತಿಂಗಳಲ್ಲಿ ಸರಿಯಿದ್ದದ್ದು ಈಗ ಏರುವುದು ಸಹಜ. ಮಾಸಿನ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುವುದು ಈ ವಾರಗಳಲ್ಲೇ. ಅದಕ್ಕೇ 24–28 ವಾರದಲ್ಲಿ ಎರಡನೇ ಸಲ ನೋಡುವುದು.

ಮುಂದಿನ ಎರಡು ವಾರ ಊಟ ಮತ್ತು ನಡಿಗೆಯಿಂದಲೇ ಪ್ರಯತ್ನ. ತುಮಕೂರಿನ ಓದುಗರಿಗೆ ಹೇಳಿದ್ದೆಲ್ಲ ನಿಮ್ಮ ಮನೆಗೂ ಅನ್ವಯ. ಜೊತೆಗೆ ಮೂರು ದೊಡ್ಡ ಊಟದ ಬದಲು ಮೂರು ಮಿತ ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ. ಬೆಳಿಗ್ಗೆ ಶುಗರ್ ಹೆಚ್ಚು ಜಿಗಿಯುವುದರಿಂದ ತಿಂಡಿಯಲ್ಲೇ ಅನ್ನ, ಅವಲಕ್ಕಿ, ಬ್ರೆಡ್ ಕಡಿಮೆಯಿರಲಿ. ಗುರಿ ಇಷ್ಟು: ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟದ 2 ಗಂಟೆಗೆ 120ಕ್ಕಿಂತ ಕಡಿಮೆ. ಅದಕ್ಕೆ ಬಾರದಿದ್ದರೆ ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಬೇಕಾಗುತ್ತದೆ. ಹಾಗಾದರೆ ನಿಮ್ಮ ಹೆಂಡತಿ ಪಥ್ಯ ಕೆಡಿಸಿದರೆಂದು ತಿಳಿಯಬೇಡಿ. ಎಷ್ಟು ಶ್ರದ್ಧೆಯಿಂದ ಉಂಡರೂ ಕೆಲವರಿಗೆ ಮಾಸಿನ ಹಾರ್ಮೋನುಗಳದೇ ಮೇಲುಗೈ. ಒಂದು ಸಹಾಯ ನೀವು ಮಾಡಬಹುದು: ಮನೆಯವರೆಲ್ಲ ಅದೇ ಊಟ ಮಾಡಿ. ಒಬ್ಬಳಿಗೆ ಬೇರೆ ತಟ್ಟೆ ಹಾಕಿದ ಮನೆಯಲ್ಲಿ ಪಥ್ಯ ಹೆಚ್ಚು ದಿನ ನಡೆಯುವುದಿಲ್ಲ.

ಪ್ರಶ್ನೆ: ತೂಕ ಹೆಚ್ಚಿದ್ದರೆ ಬಿಪಿ ಬರುತ್ತದೆ ಎನ್ನುತ್ತಾರೆ. ಉಪ್ಪು ಪೂರ್ತಿ ಬಿಡಲೇ?
– ಓದುಗರು, ಮಂಡ್ಯ

ಉತ್ತರ: ಬಿಡಬೇಡಿ. ಬಸುರಿನಲ್ಲಿ ಬರುವ ಬಿಪಿಯ ಮೂಲ ಮಾಸಿನ ರಕ್ತನಾಳಗಳಲ್ಲಿದೆ, ಸಪ್ಪೆ ಊಟದಿಂದ ಅದು ತಪ್ಪುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಮಿತಿಯಲ್ಲಿರಲಿ, ಅಷ್ಟೇ. ಹಾಲು, ರಾಗಿ ಕಡಿಮೆ ತಿನ್ನುವವರಿಗೆ ಕ್ಯಾಲ್ಸಿಯಂ ಮಾತ್ರೆಯಿಂದ ಈ ಅಪಾಯ ನಿಜವಾಗಿ ಇಳಿಯುತ್ತದೆ, ಅದನ್ನು ಬಿಡದೆ ನುಂಗಿ. ತೂಕದ ಜೊತೆ ಬೇರೆ ಕಾರಣಗಳೂ ಇದ್ದರೆ, ಉದಾಹರಣೆಗೆ ಚೊಚ್ಚಲ ಬಸುರು, 35 ದಾಟಿದ ವಯಸ್ಸು, ತಾಯಿಗೋ ಅಕ್ಕನಿಗೋ ಬಸುರಿನಲ್ಲಿ ಬಿಪಿ ಬಂದದ್ದು, ವೈದ್ಯರು 12 ವಾರದಿಂದ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ನೀವಾಗಿಯೇ ತೆಗೆದುಕೊಳ್ಳಬೇಡಿ.

ಬಿಪಿ ನೋಡಿಸುವಾಗ ಪಟ್ಟಿಯ ಅಳತೆ ಗಮನಿಸಿ. ದಪ್ಪ ತೋಳಿಗೆ ಸಾಮಾನ್ಯ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಇದ್ದಂತೆ ತೋರಿಸುತ್ತದೆ. ‘ದೊಡ್ಡ ಪಟ್ಟಿ ಹಾಕಿ ನೋಡಿ’ ಎಂದು ಕೇಳಲು ಸಂಕೋಚ ಬೇಡ. 5 ನಿಮಿಷ ಕೂತ ಮೇಲೆ ನೋಡಿಸಿ. 140/90 ಮುಟ್ಟಿದರೆ, ಅಥವಾ ಬಿಡದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ಬಲಭಾಗದ ನೋವು, ಮುಖ–ಕೈ ಏಕಾಏಕಿ ಊದಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದೇ ವಾರದಲ್ಲಿ ಒಂದು ಕೆ.ಜಿ.ಗಿಂತ ಹೆಚ್ಚು ಏರಿದರೆ ಅದು ಊಟದ್ದಲ್ಲ, ಮೈಯಲ್ಲಿ ನಿಂತ ನೀರಿರಬಹುದು.

ಪ್ರಶ್ನೆ: ಕುಂದಾಪುರದವಳು. ಬಸುರಿಯಲ್ಲಿ ಮೀನು ತಿನ್ನಬಹುದಾ? ತೂಕ ಜಾಸ್ತಿ ಇದ್ದವರು ತೆಂಗಿನಕಾಯಿ ಬಿಡಬೇಕಾ?

ಉತ್ತರ: ಬಂಗುಡೆ, ಬೈಗೆ (ಭೂತಾಯಿ) ವಾರಕ್ಕೆ ಎರಡು ಸಲ ಧಾರಾಳವಾಗಿ ತಿನ್ನಿ, ಮಗುವಿನ ಮಿದುಳಿಗೂ ಕಣ್ಣಿಗೂ ಬೇಕಾದ ಒಳ್ಳೆಯ ಕೊಬ್ಬು ಅದರಲ್ಲಿದೆ. ಗಸಿ ಆಗಲಿ, ರವೆ ಹಚ್ಚಿ ಕರಿದದ್ದು ಬೇಡ. ಶಾರ್ಕ್ ಜಾತಿಯ ದೊಡ್ಡ ಮೀನುಗಳಲ್ಲಿ ಪಾದರಸ ಸೇರಿರುತ್ತದೆ, ಅವನ್ನು ಬಿಡಿ. ತೆಂಗಿನಕಾಯಿ ಬಿಡಬೇಕಿಲ್ಲ, ಅಳತೆ ಇರಲಿ: ಒಬ್ಬರಿಗೆ ದಿನಕ್ಕೆ ಎರಡು ಮೂರು ಚಮಚ ತುರಿ. ಕುಚ್ಚಲಕ್ಕಿಯ ಗಂಜಿಯಾದರೂ ಬಟ್ಟಲಿನ ಲೆಕ್ಕ ತಪ್ಪದಿರಲಿ.

ಪ್ರಶ್ನೆ: ತೂಕ ಇಳಿಸಲು ವಾರಕ್ಕೊಮ್ಮೆ ಇಂಜೆಕ್ಷನ್ (ಸೆಮಾಗ್ಲುಟೈಡ್) ತೆಗೆದುಕೊಳ್ಳುತ್ತಿದ್ದೆ. ಈ ತಿಂಗಳು ಮುಟ್ಟು ನಿಂತು, ಪರೀಕ್ಷೆಯಲ್ಲಿ ಎರಡು ಗೆರೆ ಬಂದಿದೆ. ಭಯವಾಗಿದೆ.
– ಓದುಗರು, ಬೆಂಗಳೂರು

ಉತ್ತರ: ಮುಂದಿನ ಡೋಸ್ ತೆಗೆದುಕೊಳ್ಳಬೇಡಿ, ಈ ವಾರವೇ ಹೆರಿಗೆ ತಜ್ಞರನ್ನು ಕಂಡು ಕೊನೆಯ ಡೋಸಿನ ದಿನ ಮತ್ತು ಪ್ರಮಾಣ ತಿಳಿಸಿ. ಮೈಯಿಂದ ಪೂರ್ತಿ ಹೊರಹೋಗಲು ವಾರಗಳೇ ಹಿಡಿಯುವ ಔಷಧಿ ಅದು. ಆದ್ದರಿಂದಲೇ ಬಸುರಾಗುವ ಯೋಚನೆ ಇದ್ದವರು ಎರಡು ತಿಂಗಳು ಮುಂಚೆ ನಿಲ್ಲಿಸಬೇಕೆಂದು ಹೇಳುವುದು. ಗೊತ್ತಿಲ್ಲದೆ ತೆಗೆದುಕೊಂಡಿರಿ ಎಂಬ ಒಂದೇ ಕಾರಣಕ್ಕೆ ಗರ್ಭ ತೆಗೆಸುವ ನಿರ್ಧಾರ ಮಾಡಬೇಡಿ. ತೂಕ ಇಳಿದಾಗ ಅಂಡ ಬಿಡುಗಡೆ ಸರಿಹೋಗಿ, ವರ್ಷಗಟ್ಟಲೆ ಆಗದಿದ್ದವರಿಗೂ ಗರ್ಭ ನಿಲ್ಲುವುದುಂಟು. ಔಷಧಿ ನಿಂತ ಮೇಲೆ ಹಸಿವು ರಭಸದಿಂದ ಮರಳುತ್ತದೆ. ಅದನ್ನು ಎದುರಿಸಲು ಪ್ರತಿ ಎರಡೂವರೆ ಮೂರು ಗಂಟೆಗೊಮ್ಮೆ ಪ್ರೋಟೀನ್ ಇರುವ ಏನಾದರೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ: ಬೇಯಿಸಿದ ಮೊಟ್ಟೆ, ಮೊಸರು, ಕಡಲೆಕಾಳು ಉಸಲಿ. ತೂಕ ಇಳಿಸಲು ಜಠರದ ಶಸ್ತ್ರಚಿಕಿತ್ಸೆ (ಬ್ಯಾರಿಯಾಟ್ರಿಕ್) ಮಾಡಿಸಿಕೊಂಡವರಾದರೆ ಗರ್ಭಕ್ಕೆ 12ರಿಂದ 18 ತಿಂಗಳು ಕಾಯಬೇಕು.

ಪ್ರಶ್ನೆ: ಮಗಳಿಗೆ ಮುಂದಿನ ತಿಂಗಳು ಸೀಮಂತ, ಆಮೇಲೆ ಬಾಣಂತನ ನಮ್ಮಲ್ಲೇ. ಅವಳ ತೂಕ 80 ದಾಟಿದೆ, ಶುಗರ್ ಕೂಡ ಇದೆ. ಬಯಕೆ ಊಟಕ್ಕೂ, ಬಾಣಂತಿಯ ಅಂಟಿನ ಉಂಡೆಗೂ ಏನು ಮಾಡಲಿ? ಹೆತ್ತ ತಾಯಿಯಾಗಿ ಪಥ್ಯ ಹಾಕಲು ಮನಸ್ಸು ಬರುತ್ತಿಲ್ಲ.
– ಓದುಗರು, ದಾವಣಗೆರೆ

ಉತ್ತರ: ಸೀಮಂತದ ದಿನ ಅವಳು ಹೋಳಿಗೆ ತಿನ್ನಲಿ, ಒಂದು. ಊಟದ ಕೊನೆಗೆ, ಆ ದಿನದ ಅನ್ನವನ್ನು ಅರ್ಧ ಮಾಡಿ. ತೂಕ ಏರುವುದು ಆ ಒಂದು ದಿನದಿಂದಲ್ಲ, ನೆಂಟರು ತಂದ ಡಬ್ಬಿಗಳು ಮುಂದಿನ ಮೂರು ವಾರ ಅಡುಗೆಮನೆಯಲ್ಲಿ ಕೂತಿರುವುದರಿಂದ. ಸಂಜೆಗೇ ಹಂಚಿಬಿಡಿ. ಬಯಕೆ ಊಟಕ್ಕೆ ಕೋಸಂಬರಿ, ಸೊಪ್ಪಿನ ಪಲ್ಯ, ಕಾಳುಹುಳಿ, ಅವಳಿಗೆ ಇಷ್ಟವಾದ ಗೊಜ್ಜು ಮಾಡಿದರೆ ಅದೂ ಬಯಕೆ ತೀರಿಸುವ ಊಟವೇ.

ಬಾಣಂತಿಗೆ ಮೊದಲ ಆರು ತಿಂಗಳು ಹಾಲೂಡಿಸಲು ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕು ನಿಜ. ತೂಕ ಹೆಚ್ಚಿದ್ದವರ ಮೈ ಅದರಲ್ಲಿ ಒಂದು ಪಾಲನ್ನು ತನ್ನ ಕೊಬ್ಬಿನಿಂದಲೇ ಕೊಡಬಲ್ಲದು. ಅಂಟು, ಕೊಬ್ಬರಿ, ಉತ್ತುತ್ತೆ, ಬೆಲ್ಲ, ತುಪ್ಪ ಸೇರಿದ ನಿಂಬೆಹಣ್ಣಿನಷ್ಟು ಉಂಡೆಯಲ್ಲಿ 180–200 ಕ್ಯಾಲೊರಿ ಇದ್ದೀತು. ಬೆಳಿಗ್ಗೆ ಒಂದು ಸಂಜೆ ಒಂದು, ಮೇಲೆ ತುಪ್ಪದನ್ನ ಎಂದರೆ ತೂಕ ಅಲ್ಲೇ ಕಟ್ಟಿಕೊಳ್ಳುತ್ತದೆ, ಮುಂದಿನ ಬಸುರಿಗೆ ಇನ್ನೂ ಭಾರವಾಗಿ ಹೋಗುತ್ತಾಳೆ. ಉಂಡೆಯನ್ನು ಅರ್ಧ ಗಾತ್ರಕ್ಕೆ ಕಟ್ಟಿ, ಬೆಲ್ಲ ಕಾಲು ಭಾಗಕ್ಕಿಳಿಸಿ, ಬಾದಾಮಿ, ಎಳ್ಳು, ಗಸಗಸೆ ಹೆಚ್ಚಿಸಿ, ದಿನಕ್ಕೆ ಒಂದೇ ಕೊಡಿ. ಆ ಒಂದನ್ನೂ ಶುಗರ್ ಸರಿಯಾಗಿದೆ ಎಂದು ನೋಡಿಕೊಂಡ ಮೇಲೆಯೇ ಕೊಡಿ. ತರಕಾರಿ, ಸೊಪ್ಪು, ಬೇಳೆ ನಿಲ್ಲಿಸಬೇಡಿ. ನೀರು ಕಡಿಮೆ ಕೊಡುವ ಪದ್ಧತಿಯಂತೂ ಬೇಡವೇ ಬೇಡ, ಅದರಿಂದ ಮಲಬದ್ಧತೆ, ಮೂತ್ರದ ಸೋಂಕು ಬರುತ್ತವೆ. ತೂಕ ಹೆಚ್ಚಿದ್ದವರ ಕಾಲಿನ ರಕ್ತನಾಳಗಳಲ್ಲಿ ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಹಾಸಿಗೆ ಬಿಟ್ಟು ಏಳಬಾರದು ಎನ್ನದೆ, ವೈದ್ಯರು ಹೇಳಿದ ದಿನದಿಂದ ಮನೆಯೊಳಗೆ ನಡೆಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇಂಥವರಿಗೆ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು. ‘ಹಾಲಿಲ್ಲ’ ಎಂದು ಡಬ್ಬಿಹಾಲಿಗೆ ಹೋಗುವ ಮುಂಚೆ ಮಗುವನ್ನು ದಿನಕ್ಕೆ ಎಂಟು ಹತ್ತು ಸಲ ಎದೆಗೆ ಹಾಕಿಸಿ, ಮಗುವಿನ ತೂಕ ಮತ್ತು ಮೂತ್ರದ ಲೆಕ್ಕವನ್ನು ಆಸ್ಪತ್ರೆಯಲ್ಲಿ ತೋರಿಸಿ ಮುಂದಿನ ತೀರ್ಮಾನ ಮಾಡಿ. ಹೆರಿಗೆಯಾದ ಆರು ವಾರಕ್ಕೆ ಮಗುವಿಗೆ ಲಸಿಕೆ ಹಾಕಿಸಲು ಹೋಗುತ್ತೀರಲ್ಲ, ಅದೇ ದಿನ ಮಗಳಿಗೂ ಗ್ಲೂಕೋಸ್ ಕುಡಿಸಿ ಶುಗರ್ ಪರೀಕ್ಷೆ ಮಾಡಿಸಿ. ಆ ಪರೀಕ್ಷೆಗೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ತಾಯಿ ಕಾರ್ಡ್ ಜೊತೆಗಿರಲಿ.